ಸಲ್ಕಾಟಾ ಆಮೆ ಮರಿ: ಬೆನ್ನುಚಿಪ್ಪು ಉಬ್ಬದೆ ನುಣುಪಾಗಿ ಬೆಳೆಯಲು ಗೂಡು ಹೇಗಿರಬೇಕು?

ತುಂಗಾತೀರ (ಬೆಂಗಳೂರು)

ಸಲ್ಕಾಟಾ ಮರಿ. ತೂಕ 62 ಗ್ರಾಂ, ಬೆನ್ನುಚಿಪ್ಪಿನ ನೇರ ಉದ್ದ 6 ಸೆಂ.ಮೀ. ಬೆನ್ನಿನ ಬಿಲ್ಲೆಗಳ ನಡುವಿನ ಗೆರೆಗಳು ತಗ್ಗಾಗುತ್ತಿವೆ, ಬಿಲ್ಲೆಗಳ ನಡುಭಾಗ ಎದ್ದು ನಿಲ್ಲುತ್ತಿದೆ. ಚಿಪ್ಪು ಗಟ್ಟಿಯಾಗೇ ಇದೆ, ಚೆನ್ನಾಗಿ ತಿನ್ನುತ್ತದೆ, ಓಡಾಡುತ್ತದೆ.

ಈಗಿರುವ ವ್ಯವಸ್ಥೆ: 3 ಅಡಿ ಗಾಜಿನ ತೊಟ್ಟಿ, ಮೇಲೆ ಪೂರ್ತಿ ಜಾಲರಿ. 100 ವ್ಯಾಟ್‌ನ ಸ್ಪಾಟ್ ಬಲ್ಬ್, ಸುರುಳಿ ಆಕಾರದ ಯುವಿಬಿ (ಅತಿನೇರಳೆ ಕಿರಣದ) ಬಲ್ಬ್. ನೆಲಕ್ಕೆ ಮರಳು ಮತ್ತು ಕೋಕೋಪೀಟ್ ಅರ್ಧರ್ಧ. ತೊಟ್ಟಿಯ ಗೋಡೆಗೆ ಅಂಟಿಸಿದ ಮುಳ್ಳಿನ ಮಾಪಕ ತೇವಾಂಶ 40% ತೋರಿಸುತ್ತದೆ. ರಾತ್ರಿ ಬಿಸಿ ಇಲ್ಲ. ಮೇವು ಪಾಲಕ್, ಸೌತೆಕಾಯಿ, ಕ್ಯಾರೆಟ್, ವಾರಕ್ಕೊಮ್ಮೆ ನುಗ್ಗೆ ಸೊಪ್ಪು.

ಅಂಗಡಿಯವರು ಪ್ರೋಟೀನ್ ಜಾಸ್ತಿಯಾಗಿದೆ, ನುಗ್ಗೆ ನಿಲ್ಲಿಸಿ ಎನ್ನುತ್ತಾರೆ. ಅಷ್ಟೇನಾ?

ನಿರ್ವಾಹಕ

ಚರ್ಚೆ ಶುರುವಾಗುವ ಮೊದಲು ಕಾನೂನಿನ ಮಾತು ಒಂದು. ಈ ಎಳೆ ಸಲ್ಕಾಟಾ ಬಗ್ಗೆ ಮಾತ್ರ. ನಮ್ಮ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. 2022ರ ತಿದ್ದುಪಡಿಯ ನಂತರ ಅದು ಪರಿಶಿಷ್ಟ 1ರಲ್ಲಿದೆ, 2019ರಿಂದ ಸೈಟಿಸ್ ಒಪ್ಪಂದದ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಮೊದಲನೇ ಅನುಬಂಧದಲ್ಲೂ ಇದೆ. ಸಲ್ಕಾಟಾ ಆಫ್ರಿಕಾದ್ದು, ಸೈಟಿಸ್ ಎರಡನೇ ಅನುಬಂಧದ ಪ್ರಾಣಿ. ಅದನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಕ್ಷತ್ರ ಆಮೆ ಸಾಕುವ ಪ್ರಶ್ನೆಗಳನ್ನು ಇಲ್ಲಿ ಹಾಕಿದರೆ ಅಳಿಸಲಾಗುತ್ತದೆ.

ತುಂಗಾತೀರ

ನೋಂದಣಿ ಆಗಿದೆ.

ಕಲ್ಲುಬೆನ್ನು

ಪ್ರೋಟೀನಿನ ಮಾತು ಮೊದಲು ಮುಗಿಸಿಬಿಡೋಣ, ಯಾಕೆಂದರೆ ಅಂಗಡಿಗಳಲ್ಲಿ ಅದಿನ್ನೂ ಸತ್ತಿಲ್ಲ. 2003ರಲ್ಲಿ ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದ ವೀಸ್ನರ್ ಮತ್ತು ಈಬೆನ್ 50 ಸಲ್ಕಾಟಾ ಮರಿಗಳನ್ನು ಗುಂಪು ಮಾಡಿ, ಬೇರೆ ಬೇರೆ ತೇವಾಂಶ, ಬೇರೆ ಬೇರೆ ಪ್ರೋಟೀನ್ ಪ್ರಮಾಣದಲ್ಲಿ ಐದು ತಿಂಗಳು ಬೆಳೆಸಿ ಅಳೆದರು. ಸುಮಾರು 24ರಿಂದ 58% ತೇವಾಂಶದಲ್ಲಿದ್ದವುಗಳ ಬೆನ್ನು ಎದ್ದು ಕಾಣುವಷ್ಟು ಉಬ್ಬಿತು. 45ರಿಂದ 99% ತೇವಾಂಶದಲ್ಲಿದ್ದವು ಹೆಚ್ಚು ನುಣುಪಾಗಿದ್ದವು. ಪ್ರೋಟೀನಿನ ಪಾಲು ಅಲ್ಪ. ನಿಮ್ಮ ಮರಿಯ ಬೆನ್ನು ಉಬ್ಬುತ್ತಿರುವುದು ವಾರಕ್ಕೊಮ್ಮೆಯ ನುಗ್ಗೆಯಿಂದಲ್ಲ.

ಬಿಲ್ಲೆಗಳು ಕೆರಾಟಿನ್‌ನವು. ಪ್ರತಿ ಬಿಲ್ಲೆ ಬೆಳೆಯುವುದು ಅದರ ಅಂಚಿನಲ್ಲಿ, ಪಕ್ಕದ ಬಿಲ್ಲೆ ಸೇರುವ ಗೆರೆಯಲ್ಲಿ. ಅಲ್ಲಿ ಹೊಸದಾಗಿ ಬರುವ ಪದರ ಮೆತ್ತಗಿದ್ದಷ್ಟು ಹೊತ್ತು ಅಡ್ಡಕ್ಕೆ ಹರಡಿಕೊಳ್ಳುತ್ತದೆ. ಗಾಳಿ ಒಣಗಿದ್ದರೆ ಅದು ಬೇಗ ಬಿಗಿದುಕೊಳ್ಳುತ್ತದೆ, ಮುಂದಿನ ಪದರ ಅದರ ಕೆಳಗೆ ದಪ್ಪಗೆ ಕೂಡುತ್ತದೆ, ಬಿಲ್ಲೆಯ ನಡುಭಾಗ ಮೇಲಕ್ಕೆ ಹೋಗುತ್ತದೆ. ಒಳಗಿನ ಎಲುಬು ಎಳೆಯದಾದ್ದರಿಂದ ಅದೂ ಜೊತೆಗೇ ಬಾಗುತ್ತದೆ. ಸದ್ಯಕ್ಕೆ ಹೆಚ್ಚಿನವರು ಒಪ್ಪುವ ವಿವರಣೆ ಇದು.

'ಮರುಭೂಮಿ ಆಮೆ, ಒಣಗಿರಬೇಕು' ಎಂಬ ಮಾತು ಎಲ್ಲಿಂದ ಬಂತು ಅಂದರೆ ಸಲ್ಕಾಟಾದ ಊರು ಸಹಾರಾದ ದಕ್ಷಿಣ ಅಂಚಿನ ಸಾಹೇಲ್: ಸೆನೆಗಲ್, ಮಾಲಿ, ನೈಜರ್, ಚಾಡ್, ಸುಡಾನ್. ಆದರೆ ಮರಿಗಳು ಮೊಟ್ಟೆಯೊಡೆದು ಹೊರಬರುವುದು ಮಳೆಗಾಲದ ಹೊತ್ತಿಗೆ. ಉಳಿದ ದಿನ ಕಳೆಯುವುದು ನೆಲದೊಳಗಿನ ಬಿಲದಲ್ಲಿ. ಬಿಲದ ಗಾಳಿ ಹೊರಗಿನ ಗಾಳಿಯಲ್ಲ.

ನಿಮ್ಮ ತೊಟ್ಟಿಯಲ್ಲಿ ತಪ್ಪಿರುವುದು ನಾಲ್ಕು: ಮೇಲಿನ ಜಾಲರಿ, ಸ್ಪಾಟ್ ಬಲ್ಬ್, ರಾತ್ರಿಯ ಚಳಿ, ಮರಳು. ಸುರುಳಿ ಯುವಿಬಿ ಐದನೆಯದು, ಅದು ಬೇರೆ ಕಥೆ.

ತುಂಗಾತೀರ

ಮಾಪಕ 40% ತೋರಿಸುತ್ತದಲ್ಲ ಸಾರ್, ದಿನಕ್ಕೆ ಮೂರು ಸಲ ನೀರು ಚಿಮುಕಿಸಿದರೆ 60ಕ್ಕೆ ಏರುತ್ತದೆ.

ಕಲ್ಲುಬೆನ್ನು

ಏರಿ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ಬಲ್ಬಿನ ಬಿಸಿಗೆ ಗಾಳಿ ಮೇಲೇಳುತ್ತದೆ, ಜಾಲರಿಯಿಂದ ಹೊರಹೋಗುತ್ತದೆ, ಕೋಣೆಯ ಒಣಗಾಳಿ ಒಳಬರುತ್ತದೆ. ಅರ್ಧ ಗಂಟೆಯಲ್ಲಿ ಮೊದಲಿದ್ದಲ್ಲಿಗೇ ಬಂದಿರುತ್ತದೆ.

ಇನ್ನೊಂದು ಲೆಕ್ಕ. 22 ಡಿಗ್ರಿ ಕೋಣೆಯಲ್ಲಿ 60% ತೇವಾಂಶ ಇದೆ ಅಂದುಕೊಳ್ಳಿ. ಅದೇ ಗಾಳಿ ಬಲ್ಬಿನ ಕೆಳಗೆ 35 ಡಿಗ್ರಿಗೆ ಬಿಸಿಯಾದರೆ, ನೀರಿನ ಅಂಶ ಒಂದು ಹನಿಯೂ ಕಡಿಮೆಯಾಗದೆ, ತೇವಾಂಶ ಸುಮಾರು 28%ಕ್ಕೆ ಇಳಿದಿರುತ್ತದೆ. ಮರಿ ದಿನದ ಬಹುಪಾಲು ಕೂರುವುದು ಅಲ್ಲೇ. ಗೋಡೆಯ ಮೇಲಿನ ಮುಳ್ಳು ಏನು ತೋರಿಸಿದರೂ ಮರಿಯ ಬೆನ್ನಿಗೆ ಸಿಗುವುದು ಆ 28.

ಆ ಮುಳ್ಳಿನ ಮಾಪಕವನ್ನೂ ನಂಬಬೇಡಿ. ವೈರಿನ ಸಂವೇದಕವಿರುವ ಡಿಜಿಟಲ್ ತಗೊಳ್ಳಿ, ಸಂವೇದಕ ಮರಿಯ ಬೆನ್ನಿನ ಎತ್ತರದಲ್ಲಿರಲಿ. ಅದನ್ನೂ ಒಮ್ಮೆ ಪರೀಕ್ಷಿಸಿ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ನೀರು ಹಾಕಿ (ಕರಗಿಹೋಗಬಾರದು), ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ 10–12 ಗಂಟೆ ಬಿಡಿ. 75% ತೋರಿಸಬೇಕು. 69 ತೋರಿಸಿದರೆ ಇನ್ನು ಮುಂದೆ 6 ಕೂಡಿಸಿ ಓದಿಕೊಳ್ಳಿ.

ಕುಡ್ಲದ ಮಳೆ (ಮಂಗಳೂರು)

ಹಾಗಾದ್ರೆ ಕರಾವಳಿಯವರಿಗೆ ಚಿಂತೆಯೇ ಇಲ್ಲ ಅಂತ ಓದುವವರು ಅಂದುಕೊಳ್ಳಬಾರದು ಮಾರಾಯ್ರೆ. ಇಲ್ಲಿ ಗಾಳಿಯಲ್ಲಿ ತೇವ ಉಂಟು, ಸರಿ. ಮಳೆಗಾಲದಲ್ಲಿ ರಾತ್ರಿ 22–23 ಡಿಗ್ರಿ, ನೆಲ ಸದಾ ಒದ್ದೆ, ಮೂರು ತಿಂಗಳು ಬಿಸಿಲೇ ಇಲ್ಲ. ತಂಪು ಮತ್ತು ಒದ್ದೆ ಒಟ್ಟಿಗೆ ಬಂದರೆ ಮೂಗು ಸೋರುತ್ತದೆ, ಹೊಟ್ಟೆಚಿಪ್ಪು ಕೊಳೆಯುತ್ತದೆ. ತೇವ ಬೇಕಾದರೆ ಬಿಸಿ ಬೇಕೇ ಬೇಕು. ಇಲ್ಲಿಯವರಿಗೂ ರಾತ್ರಿ ಹೀಟರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯುವಿಬಿ ಟ್ಯೂಬು ತಪ್ಪಿದ್ದಲ್ಲ.

ಕಲ್ಲುಬೆನ್ನು

ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ತೇವಾಂಶ 80% ಇಟ್ಟರೆ ರಾತ್ರಿ ತಾಪ 26–27ಕ್ಕಿಂತ ಕೆಳಗೆ ಹೋಗಬಾರದು.

ಮರಿಗೆ ನಾನು ಹೇಳುವ ಅಂಕಿಗಳು ಇವು. ಬಿಸಿ ಕಾಯುವ ಜಾಗ 35–38 ಡಿಗ್ರಿ, ಅಳೆಯುವುದು ಬೆನ್ನಿನ ಎತ್ತರದಲ್ಲಿ. ತಂಪು ಮೂಲೆ ಹಗಲು 27–28. ರಾತ್ರಿ ಎಲ್ಲೆಡೆ 27. ತೇವಾಂಶ ಹಗಲೂ ರಾತ್ರಿಯೂ 80%ರ ಆಸುಪಾಸು, ಬಲ್ಬಿನ ಕೆಳಗೆ ತುಸು ಇಳಿದರೂ ಅಡ್ಡಿಯಿಲ್ಲ. ಇದು ಜಾಲರಿ ಮುಚ್ಚಳದ ತೊಟ್ಟಿಯಲ್ಲಿ ಎಂದೂ ಆಗದು. ಬಲ್ಬು, ಹೀಟರು, ಟ್ಯೂಬು ಎಲ್ಲ ಒಳಗೇ ಇರುವ, ಮೇಲೆ ಮುಚ್ಚಿದ ಪೆಟ್ಟಿಗೆ ಬೇಕು.

ಧಾರವಾಡ ಪೇಢೆ

ಪೆಟ್ಟಿಗಿ ಬಗ್ಗೆ ನಾ ಹೇಳ್ತೀನ್ರಿ.

ಅಳತಿ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಎತ್ತರ ಇದಕ್ಕಿಂತ ಕಡಿಮಿ ಮಾಡಬ್ಯಾಡ್ರಿ, ಬಲ್ಬ್ ಮರಿಗೆ ಭಾಳ ಹತ್ರ ಬರ್ತದ. 12 ಮಿ.ಮೀ. ಪಿವಿಸಿ ಫೋಮ್ ಹಲಗಿ ಹಾಕಿದ್ರ ನೀರಿನ ಚಿಂತಿ ಇಲ್ಲ. ಪ್ಲೈವುಡ್ ಹಾಕೋದಿದ್ರ ಒಳಗ ಎಪಾಕ್ಸಿ ಎರಡು ಕೋಟ್ ಹೊಡೀರಿ, ಸಂದಿಗೆ ಸಿಲಿಕೋನ್ ಹಾಕ್ರಿ, ವಾಸನಿ ಪೂರ್ತಿ ಹೋಗೂತನ ಒಂದು ವಾರ ತಗದಿಡ್ರಿ. ಬಣ್ಣ ಹೊಡಿದ ಬಿಟ್ರ ಆರು ತಿಂಗಳಾಗ ತಳ ಕೊಳೀತದ. ಮುಂದ ಸರಿಯೋ ಗಾಜಿನ ಬಾಗಿಲು, ಬಾಗಿಲಿನ ಕೆಳಗ 15 ಸೆಂ.ಮೀ. ಅಡ್ಡಪಟ್ಟಿ, ಇಲ್ಲಾಂದ್ರ ಮಣ್ಣೆಲ್ಲ ಹಳಿಯೊಳಗ ಬೀಳ್ತದ. ಗಾಳಿಗೆ ಎರಡೂ ತುದಿಗೆ 3–4 ಸಣ್ಣ ತೂತು ಸಾಕು.

ಮೇಲಿನ ಹಲಗಿಗೆ ಒಳಗಿಂದ ಪಿಂಗಾಣಿ ಹೋಲ್ಡರ್ ಎರಡು. ಪ್ಲಾಸ್ಟಿಕ್ ಹೋಲ್ಡರ್ ಕರಗ್ತದ್ರಿ, ಸೆರಾಮಿಕ್ ಹೀಟರ್ (ಬೆಳಕಿಲ್ಲದ, ಬರೇ ಬಿಸಿ ಕೊಡೋದು) ಮೈ 200 ಡಿಗ್ರಿ ದಾಟ್ತದ. ಹೀಟರ್ ಸುತ್ತ ತಂತಿ ಬುಟ್ಟಿ ಇರಲಿ, ಹಲಗಿಗೂ ಅದಕ್ಕೂ 20 ಸೆಂ.ಮೀ. ಅಂತರ ಇರಲಿ, ನಡುವ ಒಂದು ಅಲ್ಯೂಮಿನಿಯಂ ತಗಡು ಇರಲಿ. ಬೆಂಗಳೂರಾಗ ಈ ಅಳತಿಗೆ 60 ವ್ಯಾಟ್ ಸೆರಾಮಿಕ್ ಸಾಕಾಗ್ತದ, ಡಿಸೆಂಬರ್‌ನ್ಯಾಗ ಕೋಣಿ 16ಕ್ಕ ಇಳಿದ್ರ 100 ಬೇಕಾದೀತು.

ಥರ್ಮೋಸ್ಟಾಟ್ ಇಲ್ಲದ ಹೀಟರ್ ಹಚ್ಚಲೇಬ್ಯಾಡ್ರಿ. ಎಸ್‌ಟಿಸಿ-1000 ಥರದ್ದು ಸಿಗ್ತದ. 27ಕ್ಕ ಇಡ್ರಿ, ವ್ಯತ್ಯಾಸ 1 ಡಿಗ್ರಿ. ಸಂವೇದಕ ನೆಲದಿಂದ 5 ಸೆಂ.ಮೀ. ಮ್ಯಾಲ, ತಂಪು ಕಡಿ ಇರಲಿ, ಹೀಟರಿನ ಬುಡಕ್ಕಲ್ಲ. ಇವುಗಳ ರಿಲೇ ಕೆಡೋದು ಹೆಚ್ಚಾಗಿ 'ಆನ್' ಆಗೇ ಅಂಟಿಕೊಂಡು. ಅದಕ್ಕ ಎರಡನೇದೊಂದು ಅದರ ಹಿಂದ ಸಾಲಿನ್ಯಾಗ ಜೋಡಿಸಿ 32ಕ್ಕ ಇಟ್ಟುಬಿಡ್ರಿ. ಮೊದಲನೇದು ಅಂಟಿದ್ರ ಎರಡನೇದು ಕಡೀತದ. ಮರಿ ಬೆಂದುಹೋಗೋದು ತಪ್ತದ. ಒಳಗ ಸದಾ ತೇವ ಇರೋದ್ರಿಂದ ಆ ಸಾಲಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಕಡಿಯೋ ಸ್ವಿಚ್) ಇರಬೇಕು.

ಅರಿಜೋನಾ ಕನ್ನಡಿಗ (ಫೀನಿಕ್ಸ್)

32 ಅಂತೀರಲ್ಲ, ಹಗಲು ಬಲ್ಬಿನ ಬಿಸಿಗೆ ಎರಡನೆಯದು ಸುಮ್ಮಸುಮ್ಮನೆ ಕಡಿಯುವುದಿಲ್ಲವೇ?

ಧಾರವಾಡ ಪೇಢೆ

ಅದು ಹೀಟರಿನ ಸಾಲಿಗೆ ಮಾತ್ರ ರೀ. ಬಲ್ಬ್ ಬ್ಯಾರೆ ಟೈಮರ್ ಮ್ಯಾಲ, 12 ತಾಸು. ಹಗಲು ಹೀಟರ್ ಕಡದ್ರ ಒಳ್ಳೇದೇ ಆತು.

ಕಲ್ಲುಬೆನ್ನು

ಬಲ್ಬ್: ಸ್ಪಾಟ್ ಬೇಡ, ಅಗಲಕ್ಕೆ ಬೆಳಕು ಹರಡುವ ಫ್ಲಡ್ ಬೇಕು. ಮುಚ್ಚಿದ ಪೆಟ್ಟಿಗೆಗೆ 100 ವ್ಯಾಟ್ ಜಾಸ್ತಿಯಾಗುತ್ತದೆ, 50ರಿಂದ 65 ವ್ಯಾಟ್ ಹಾಕಿ, ಎತ್ತರ ಹೊಂದಿಸಿ 36ಕ್ಕೆ ತನ್ನಿ. ಸ್ಪಾಟ್ ಬಲ್ಬಿನ ಕಿರಿದಾದ ಕಿರಣ ಬೆನ್ನಿನ ಅತಿ ಎತ್ತರದ ಜಾಗವನ್ನೇ ಸುಡುತ್ತದೆ, ಮೊದಲು ಉಬ್ಬುವುದೂ ಅಲ್ಲೇ. ಪಾದರಸ ಆವಿಯ ಬಲ್ಬ್ ಕೊಳ್ಳಲೇಬೇಡಿ. ಬಿಸಿ, ಬೆಳಕು, ಯುವಿಬಿ ಮೂರೂ ಒಂದರಲ್ಲೇ ಎಂದು ಮಾರುತ್ತಾರೆ. ಥರ್ಮೋಸ್ಟಾಟ್‌ಗೆ ಹೊಂದುವುದಿಲ್ಲ, ಚಿಪ್ಪನ್ನು ಒಣಗಿಸುವುದರಲ್ಲಿ ಅದನ್ನು ಮೀರಿಸಿದ್ದು ಇಲ್ಲ.

ಯುವಿಬಿಗೆ 22 ಇಂಚಿನ, 24 ವ್ಯಾಟ್‌ನ ಟಿ5 ಎಚ್‌ಒ (ತೆಳ್ಳಗಿನ, ಹೆಚ್ಚು ಬೆಳಕಿನ) ಉದ್ದ ಟ್ಯೂಬ್, 10 ಅಥವಾ 12% ಯುವಿಬಿಯದ್ದು. ಪೆಟ್ಟಿಗೆಯ ಒಳಗೆ, ಮರಿಯ ಬೆನ್ನಿನಿಂದ 40–50 ಸೆಂ.ಮೀ. ಮೇಲೆ, ಬಲ್ಬಿನ ಪಕ್ಕದಲ್ಲೇ. ಬಿಸಿ ಮತ್ತು ಯುವಿಬಿ ಒಂದೇ ಜಾಗದಲ್ಲಿ ಬೀಳಲಿ, ಇನ್ನೊಂದು ತುದಿ ನೆರಳಾಗಿರಲಿ. ನಡುವೆ ಜಾಲರಿ ಬಂದರೆ ಮೂರನೇ ಒಂದು ಭಾಗ ಹೋಯಿತು, ಗಾಜು ಬಂದರೆ ಪೂರ್ತಿ ಹೋಯಿತು. ಕಿಟಕಿ ಗಾಜಿನ ಹಿಂದಿನ ಬಿಸಿಲಿನಿಂದ ಮೈಯಲ್ಲಿ ವಿಟಮಿನ್ ಡಿ3 ಆಗುವುದಿಲ್ಲ. ಯುವಿ ಅಳೆಯುವ ಸೋಲಾರ್‌ಮೀಟರ್ 6.5 ಯಾರಲ್ಲಾದರೂ ಇದ್ದರೆ ಎರವಲು ತನ್ನಿ, ಬೆನ್ನಿನ ಎತ್ತರದಲ್ಲಿ ಯುವಿ ಸೂಚ್ಯಂಕ 3ರ ಆಸುಪಾಸು ಇದ್ದರೆ ಸರಿ. ಮೀಟರ್ ಇಲ್ಲದಿದ್ದರೆ ವರ್ಷಕ್ಕೊಮ್ಮೆ ಟ್ಯೂಬ್ ಬದಲಿಸಿ. ಬೆಳಕು ಕಾಣುತ್ತಿದೆ ಅಂದಮಾತ್ರಕ್ಕೆ ಯುವಿಬಿ ಬರುತ್ತಿದೆ ಎಂದಲ್ಲ. ಸುರುಳಿ ಬಲ್ಬುಗಳಲ್ಲಿ ಬೆಳಕಿನ ಹರವು ಸಮನಾಗಿರುವುದಿಲ್ಲ. ಹತ್ತಿರ ಕಣ್ಣಿಗೆ ಅತಿಯಾಗಿ, ದೂರಕ್ಕೆ ಏನೂ ಇಲ್ಲದೆ ಹೋಗುತ್ತದೆ.

ತುಂಗಾತೀರ

ಬಾಲ್ಕನಿಗೆ ಬೆಳಗಿನ ಬಿಸಿಲು ಬರುತ್ತದೆ. ಟ್ಯೂಬ್ ಬದಲು ಅದೇ ಸಾಲದೇ?

ಕಲ್ಲುಬೆನ್ನು

ಬೆಂಗಳೂರಿನ ಬಿಸಿಲಿಗೆ ಯಾವ ಟ್ಯೂಬೂ ಸಮನಲ್ಲ. ವಾರದಲ್ಲಿ ಮೂರು–ನಾಲ್ಕು ದಿನ, ಬೆಳಿಗ್ಗೆ 9ರ ನಂತರ 20–30 ನಿಮಿಷ ನಿಜವಾದ ಬಿಸಿಲು ಸಿಕ್ಕರೆ ಮರಿಗೆ ಧಾರಾಳ. ಆದರೆ ಷರತ್ತುಗಳಿವೆ. ಅರ್ಧ ಜಾಗ ನೆರಳು ಇರಲೇಬೇಕು. ಗಾಜಿನ ತೊಟ್ಟಿಯಲ್ಲೋ ಪ್ಲಾಸ್ಟಿಕ್ ಟಬ್ಬಿನಲ್ಲೋ ಬಿಸಿಲಿಗಿಟ್ಟರೆ ಕೆಲವೇ ನಿಮಿಷಗಳಲ್ಲಿ ಒಳಗಿನ ತಾಪ 45 ದಾಟಿ ಮರಿ ಸಾಯುತ್ತದೆ. ಮೇಲೆ ಬಲೆ ಬೇಕು. ಕಾಗೆ, ಹದ್ದು, ಬೆಕ್ಕು, ಇಲಿ ಯಾವುದಕ್ಕೂ 60 ಗ್ರಾಂ ಮರಿ ಒಂದೇ ತುತ್ತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಿಮ್ಮೂರಿನ ಮಧ್ಯಾಹ್ನದ ಗಾಳಿ ತೀರಾ ಒಣ, ದಿನವಿಡೀ ಹೊರಗೆ ಬಿಡಬೇಡಿ. ಬಿಸಿಲು ಮುಗಿದ ತಕ್ಷಣ ನೀರಿಗೆ, ಆಮೇಲೆ ಪೆಟ್ಟಿಗೆಗೆ.

ಹುಲ್ಲುಕಡ್ಡಿ (ತಿಪಟೂರು)

ನೆಲದ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ. ಮರಳು ತೆಗೆದುಹಾಕಿ. ಎಲೆಗೆ ಅಂಟಿದ ಮರಳು ದಿನಾ ಸ್ವಲ್ಪಸ್ವಲ್ಪ ಒಳಹೋಗಿ ಕರುಳಲ್ಲಿ ಕಟ್ಟಿಕೊಳ್ಳುತ್ತದೆ.

ಬರೀ ಕೋಕೋಪೀಟ್ ಸಾಕು, ನಮ್ಮ ಕಡೆ ಅದಕ್ಕೇನು ಬರ. ಆದರೆ ಕೊಳ್ಳುವಾಗ 'ತೊಳೆದದ್ದು, ಕಡಿಮೆ ಇಸಿ' (ಇಸಿ ಅಂದರೆ ಲವಣಾಂಶದ ಅಳತೆ) ಎಂದು ಕೇಳಿ ತಗೊಳ್ಳಿ. ತೊಳೆಯದ ಪೀಟಿನಲ್ಲಿ ಉಪ್ಪಿನಂಶ ಇರುತ್ತದೆ. ಗೊಬ್ಬರ ಬೆರೆಸಿದ ಗಾರ್ಡನ್ ಮಿಶ್ರಣ ಬೇಡವೇ ಬೇಡ. 5 ಕೆ.ಜಿ.ಯ ಇಟ್ಟಿಗೆಯೊಂದು ನೆನೆದರೆ 65–70 ಲೀಟರ್ ಆಗುತ್ತದೆ. 4×2 ಅಡಿಗೆ 8 ಸೆಂ.ಮೀ. ದಪ್ಪ ಹರಡಲು ಸುಮಾರು 60 ಲೀಟರ್ ಬೇಕು. ಕೈಯಿಂದ ಗಟ್ಟಿಯಾಗಿ ಒತ್ತಬೇಕು, ಒತ್ತಿದರೆ ತಗ್ಗುತ್ತದೆ, ಹಾಗಾಗಿ ಇಟ್ಟಿಗೆ ಸರಿಯಾಗಿ ಸಾಲುತ್ತದೆ. ಒತ್ತದೆ ಬಿಟ್ಟರೆ ಕಾಲು, ಬಾಯಿ, ಕಣ್ಣಿಗೆಲ್ಲ ಮೆತ್ತಿಕೊಳ್ಳುತ್ತದೆ.

ನೀರು ಚಿಮುಕಿಸುವುದಲ್ಲ, ಸುರಿಯುವುದು. ನಾಲ್ಕು ಮೂಲೆಗೆ ಒಟ್ಟು ಒಂದರಿಂದ ಒಂದೂವರೆ ಲೀಟರ್ ಬೆಚ್ಚನೆ ನೀರು. ಅದು ತಳದಲ್ಲಿ ಹರಡಿ ನಿಧಾನಕ್ಕೆ ಆವಿಯಾಗುತ್ತದೆ, ಮೇಲ್ಪದರ ಬರೀ ತಣ್ಣಗೆ, ಹೆಚ್ಚುಕಮ್ಮಿ ಒಣಗೇ ಉಳಿಯುತ್ತದೆ. ಮರಿ ಕೂರುವುದು ಮೇಲ್ಪದರದಲ್ಲಿ, ಆದ್ದರಿಂದ ಹೊಟ್ಟೆಚಿಪ್ಪು ಕೊಳೆಯುವುದಿಲ್ಲ. ಬೆರಳು ಚುಚ್ಚಿ ತಳ ಒಣಗಿದೆ ಅನ್ನಿಸಿದಾಗ ಮತ್ತೆ ಸುರಿಯಿರಿ. ಮುಚ್ಚಿದ ಪೆಟ್ಟಿಗೆಯಲ್ಲಿ ವಾರಕ್ಕೊಮ್ಮೆ ಸಾಕಾದೀತು. ಮಡಕೆಯ ಅರ್ಧ ಹೋಳು ಕವುಚಿ ಅಡಗುದಾಣ ಮಾಡಿ, ಅದರ ಕೆಳಗಿನ ಪೀಟ್ ಉಳಿದದ್ದಕ್ಕಿಂತ ತುಸು ಒದ್ದೆ ಇರಲಿ.

ಇನ್ನು ಮೇವು. ಪಾಲಕ್‌ನಲ್ಲಿ ಆಕ್ಸಲೇಟ್, ಅದು ಕ್ಯಾಲ್ಸಿಯಂ ಹಿಡಿದಿಟ್ಟುಬಿಡುತ್ತದೆ. ದಂಟು, ಗೋಣಿಸೊಪ್ಪೂ ಅದೇ ಜಾತಿ. ಅಪರೂಪಕ್ಕೆ ಕೊಟ್ಟರೆ ಪ್ರಾಣ ಹೋಗದು, ದಿನಾ ಬೇಡ. ಸೌತೆಕಾಯಿ ಬರೀ ನೀರು, ಕ್ಯಾರೆಟ್ ಬರೀ ಸಿಹಿ. ಸಲ್ಕಾಟಾ ಹುಲ್ಲು ತಿನ್ನುವ ಪ್ರಾಣಿ, ಹಣ್ಣು ಕೊಟ್ಟರೆ ಭೇದಿ. ಗರಿಕೆ ಮುಖ್ಯ. ಮರಿಗೆ ಉದ್ದ ಹುಲ್ಲು ಕತ್ತರಿಸಲು ಬಾರದು, ಕತ್ತರಿಯಿಂದ ಅರ್ಧ ಸೆಂ.ಮೀ. ತುಂಡು ಮಾಡಿ ಬೇರೆ ಸೊಪ್ಪಿಗೆ ಬೆರೆಸಿ. ಹಿಪ್ಪುನೇರಳೆ ಎಲೆ ಬಹಳ ಒಳ್ಳೆಯದು. ರಾಮನಗರ, ಕನಕಪುರದ ಕಡೆಯಿಂದ ತರಿಸುವುದಾದರೆ ಔಷಧಿ ಹೊಡೆದು ಎಷ್ಟು ದಿನವಾಯಿತು ಎಂದು ಕೇಳಿಯೇ ತನ್ನಿ. ದಾಸವಾಳದ ಎಲೆ, ಹೂವು, ಕುಂಬಳ ಬಳ್ಳಿಯ ಎಲೆ, ಒಂದೆಲಗ. ಪಾಪಾಸುಕಳ್ಳಿಯ ಎಳೆ ಹಲಗೆ ಮುಳ್ಳು ಸುಟ್ಟು ತೆಗೆದು ಹೆಚ್ಚಿ ಕೊಡಿ, ಕ್ಯಾಲ್ಸಿಯಂ ಹೆಚ್ಚು, ನೀರೂ ಹೆಚ್ಚು. ನುಗ್ಗೆ ವಾರಕ್ಕೊಮ್ಮೆ ಇದ್ದದ್ದು ಇರಲಿ ಬಿಡಿ. ಕುದುರೆ ಮೆಂತೆ ಮಾತ್ರ ಚಿಟಿಕೆಯಷ್ಟು.

ಕಣಗಿಲೆ, ಎಕ್ಕ, ಉಮ್ಮತ್ತಿ, ಹರಳು, ಲಂಟಾನಾ, ಕಾಂಗ್ರೆಸ್ ಗಿಡ ಹತ್ತಿರಕ್ಕೂ ಬೇಡ. ಅಂಗಳಕ್ಕೆ ಬಿಡುವವರು ಮೊದಲು ಇವನ್ನು ಕಿತ್ತು ಹಾಕಬೇಕು.

ಕುಡ್ಲದ ಮಳೆ

ಕ್ಯಾಲ್ಸಿಯಂಗೆ ಸುಣ್ಣ ಹಾಕಬಹುದಾ ಅಂತ ಪ್ರತಿ ತಿಂಗಳು ಯಾರಾದರೂ ಕೇಳ್ತಾರೆ, ಕೇಳುವ ಮೊದಲೇ ಉತ್ತರ ಬರಲಿ.

ಮೈಸೂರು ಪಶುವೈದ್ಯೆ

ಎಲೆ ಅಡಿಕೆಯ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಬಾಯಿ, ಗಂಟಲು ಸುಡುತ್ತದೆ. ಬೇಡ. ಬೇಕಾದದ್ದು ಕ್ಯಾಲ್ಸಿಯಂ ಕಾರ್ಬೋನೇಟ್: ಕಟಲ್‌ಫಿಶ್ ಮೂಳೆ, ಅಥವಾ ಕುದಿಸಿ ಒಣಗಿಸಿ ನುಣ್ಣಗೆ ಪುಡಿ ಮಾಡಿದ ಮೊಟ್ಟೆ ಚಿಪ್ಪು. ಈ ತೂಕದ ಮರಿಗೆ ವಾರದಲ್ಲಿ ಎರಡು–ಮೂರು ದಿನ, ಒಂದು ಚಿಟಿಕೆ. ಮಕ್ಕಳ ಕ್ಯಾಲ್ಸಿಯಂ ಸಿರಪ್‌ನಲ್ಲಿ ರಂಜಕ, ಡಿ3, ಸಕ್ಕರೆ ಸೇರಿರುತ್ತವೆ, ಅದೂ ಬೇಡ. ಟ್ಯೂಬ್ ಅಥವಾ ಬಿಸಿಲು ಸರಿಯಾಗಿದ್ದರೆ ಡಿ3 ಪುಡಿಯ ಅಗತ್ಯವಿಲ್ಲ. ಬಾಯಿಯಿಂದ ಹೋದ ಡಿ3 ಹೆಚ್ಚಾದರೆ ದೇಹ ಹೊರಹಾಕಲಾರದು, ಮೂತ್ರಪಿಂಡ, ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಕಟ್ಟುತ್ತದೆ. ಬಿಸಿಲಿನಿಂದಾದ ಡಿ3 ಹಾಗೆ ಮಿತಿ ಮೀರುವುದಿಲ್ಲ.

ಎರಡು ಬೇರೆ ಬೇರೆ ತೊಂದರೆಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಗಟ್ಟಿ ಚಿಪ್ಪು, ಉಬ್ಬಿದ ಬಿಲ್ಲೆ, ಚುರುಕು ಓಡಾಟ ಇದ್ದರೆ ಅದು ತೇವದ ಕೊರತೆ. ಚಿಪ್ಪು ಒತ್ತಿದರೆ ಬಾಗುವುದು, ಸೊಂಟದ ಮೇಲೆ ಚಪ್ಪಟೆಯಾಗುವುದು, ಅಂಚಿನ ಬಿಲ್ಲೆಗಳು ಮೇಲಕ್ಕೆ ಮಡಚುವುದು, ಹಿಂಗಾಲು ಎಳೆಯುವುದು, ದವಡೆ ಮೆತ್ತಗಾಗುವುದು ಎಲುಬಿನ ರೋಗ: ಕ್ಯಾಲ್ಸಿಯಂ ಅಥವಾ ಯುವಿಬಿ ಇಲ್ಲ. ಅದಕ್ಕೆ ಎಕ್ಸ್‌ರೇ ಬೇಕು, ಮನೆಮದ್ದು ಸಾಲದು. ಮೊದಲ ಕೆಲವು ತಿಂಗಳು ಹೊಟ್ಟೆಚಿಪ್ಪು ತುಸು ಬಾಗುವುದು ಸಹಜ, ಅದಕ್ಕೆ ಗಾಬರಿ ಬೇಡ. ಎರಡೂ ತೊಂದರೆ ಒಂದೇ ಮರಿಯಲ್ಲಿ ಇರಬಹುದು, ಇರುವುದೂ ಉಂಟು.

ನೀರಿನಲ್ಲಿ ನೆನೆಸುವುದನ್ನು ಯಾರೂ ಹೇಳಲಿಲ್ಲ. ದಿನಾ ಬೆಳಿಗ್ಗೆ 20–30 ನಿಮಿಷ, ಮೇವಿಗೆ ಮೊದಲು. ನೀರು 32–35 ಡಿಗ್ರಿ, ಆಳ ಹೊಟ್ಟೆಚಿಪ್ಪೂ ಬೆನ್ನುಚಿಪ್ಪೂ ಸೇರುವ ಗೆರೆಯವರೆಗೆ, ಗಲ್ಲ ಮೇಲಿರಬೇಕು. ಹತ್ತು ನಿಮಿಷಕ್ಕೆ ತಣ್ಣಗಾಗುವ ತಟ್ಟೆ ಬೇಡ, ಎತ್ತರ ಗೋಡೆಯ ಟಬ್ ಇಟ್ಟು ಬೆಚ್ಚನೆ ನೀರು ಸೇರಿಸುತ್ತಿರಿ. ಮರಿ ಕುಡಿಯುತ್ತದೆ, ಹೊಲಸು ಅಲ್ಲೇ ಮಾಡುತ್ತದೆ. ಮೂತ್ರದ ಜೊತೆ ಬರುವ ಬಿಳಿ ಯೂರೇಟ್ ಮೊಸರಿನ ಹದದಲ್ಲಿದ್ದರೆ ಸರಿ. ಮರಳುಮರಳಾಗಿ ಬಂದರೆ ನೀರು ಸಾಲದು, ಮುಂದೆ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ. ಆ ಟಬ್ ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ. ಆರೋಗ್ಯವಾಗಿರುವ ಆಮೆಯೂ ಸಾಲ್ಮೊನೆಲ್ಲಾ ಹೊತ್ತಿರಬಹುದು. ಮಕ್ಕಳಿರುವ ಮನೆಯಲ್ಲಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಕಡ್ಡಾಯ.

ಮತ್ತೊಂದು, ಬಹಳ ಮುಖ್ಯ. ಜಂತಿಗೆಂದು ಐವರ್‌ಮೆಕ್ಟಿನ್ ಆಮೆಗೆ ಕೊಡಬಾರದು. ದನ, ನಾಯಿಗೆ ದಿನಾ ಬಳಸುವ ಔಷಧ, ಆಮೆಗೆ ಅದು ಪ್ರಾಣಾಂತಿಕ: ಲಕ್ವ, ಸಾವು. ಯಾವ ದವಾಖಾನೆಗೆ ಹೋದರೂ ಇದನ್ನು ಮೊದಲು ಬಾಯಿಬಿಟ್ಟು ಹೇಳಿ.

ತುಂಗಾತೀರ

ಡಾಕ್ಟ್ರೇ, ನಮ್ಮದು ಬೋರ್‌ವೆಲ್ ನೀರು. ಚಿಪ್ಪಿನ ಮೇಲೆ ಬಿಳಿ ಕಲೆ ಬರುತ್ತಿದೆ. ಫಂಗಸ್ಸೋ ಏನೋ ತಿಳಿಯುತ್ತಿಲ್ಲ.

ಮೈಸೂರು ಪಶುವೈದ್ಯೆ

ಒದ್ದೆಯಾದಾಗ ಮಾಯವಾಗಿ ಒಣಗಿದಾಗ ಮತ್ತೆ ಕಾಣುವುದು ನೀರಿನ ಸುಣ್ಣದಂಶ. ಉಜ್ಜಬೇಡಿ. ಬೆನ್ನಿಗೆ ಚಿಮುಕಿಸುವ ನೀರು ಮಾತ್ರ ಆರ್‌ಒ ಬಳಸಿ. ಒದ್ದೆಯಲ್ಲೂ ಮಾಸದ, ಪುಡಿಪುಡಿಯಾಗಿ ಏಳುವ, ದಿನದಿನಕ್ಕೆ ಹರಡುವ ಬಿಳಿ ಮಚ್ಚೆ ಫಂಗಸ್ ಇರಬಹುದು. ಕ್ಲೋಟ್ರಿಮಜೋಲ್ ಕ್ರೀಂ ತೆಳ್ಳಗೆ ಹಚ್ಚುವುದು ರೂಢಿ. ವಾಸನೆ ಬಂದರೆ, ಹೊಟ್ಟೆಚಿಪ್ಪಿನಲ್ಲಿ ಗುಂಡಿ ಬಿದ್ದರೆ, ಕೆಂಪಾದರೆ ಅದು ಕೊಳೆತ, ಕರೆದುಕೊಂಡು ಬನ್ನಿ. ಬಿಲ್ಲೆಗಳ ನಡುವೆ ಕಾಣುವ ಬೆಳ್ಳಗಿನ ತೆಳು ಗೆರೆ ಮಾತ್ರ ಹೊಸ ಬೆಳವಣಿಗೆ, ಅದು ಕಂಡರೆ ಸಂತೋಷಪಡಿ.

ಹುಲ್ಲುಕಡ್ಡಿ

ಕೊಬ್ಬರಿ ಎಣ್ಣೆ ಹಚ್ಚಿದರೆ ತೇವ ಆರುವುದಿಲ್ಲ ಅಂತ ಹೊರದೇಶದವರೂ ಹೇಳುತ್ತಾರಲ್ಲ?

ಕಲ್ಲುಬೆನ್ನು

ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಗಾಳಿ ಒಣಗಿದ್ದಾಗ ಎಣ್ಣೆ ಹಚ್ಚಿ ಏನೂ ಉಳಿಯುವುದಿಲ್ಲ, ಗಾಳಿ ತೇವವಿದ್ದಾಗ ಎಣ್ಣೆ ಬೇಕಿಲ್ಲ. ಪೀಟಿನ ಪುಡಿ ಎಲ್ಲ ಮೆತ್ತಿಕೊಳ್ಳುವುದೊಂದೇ ಲಾಭ.

ಅರಿಜೋನಾ ಕನ್ನಡಿಗ

ಇಲ್ಲಿ ತೆಳ್ಳಗೆ ವಾರಕ್ಕೊಮ್ಮೆ ಹಚ್ಚಿ, ಹತ್ತು ನಿಮಿಷಕ್ಕೆ ಒರೆಸುವವರು ಬಹಳ ಇದ್ದಾರೆ, ಕೇಡೇನೂ ಕಂಡಿಲ್ಲ. ಫೀನಿಕ್ಸಿನ ಒಣಹವೆಯಲ್ಲಿ ಪ್ರಾಯದ ಆಮೆ ಹೊರಗಿದ್ದಾಗ ಅದೊಂದು ಸಮಾಧಾನ. ಮುಚ್ಚಿದ ಪೆಟ್ಟಿಗೆಯ ಮರಿಗೆ ಬೇಡ ಎನ್ನುವುದನ್ನು ಒಪ್ಪುತ್ತೇನೆ.

ಮುಂದಿನದನ್ನೂ ಈಗಲೇ ಯೋಚಿಸಿ. ಇಂದು 62 ಗ್ರಾಂ ಇರುವುದು ಮುಂದೆ 40–50 ಕೆ.ಜಿ. ಆಗುತ್ತದೆ, ಗಂಡಾದರೆ ಇನ್ನೂ ಹೆಚ್ಚು. ಇಲ್ಲಿ ಸಾಕಲಾಗದೆ ಬಿಟ್ಟುಕೊಟ್ಟ ಸಲ್ಕಾಟಾಗಳಿಗೆ ಜಾಗ ಹುಡುಕುವುದೇ ಕಷ್ಟ. 4 ಅಡಿ ಪೆಟ್ಟಿಗೆ ಚಿಪ್ಪಿನ ಉದ್ದ 15–18 ಸೆಂ.ಮೀ. ಆಗುವವರೆಗೆ ನಡೆಯುತ್ತದೆ, ಅಷ್ಟೇ. ಆಮೇಲೆ ಅಂಗಳ, ನೆಲದ ಮೇಲೆ 60 ಸೆಂ.ಮೀ., ನೆಲದೊಳಗೆ 45 ಸೆಂ.ಮೀ. ಗೋಡೆ, ಆಚೆ ಕಾಣದಂತೆ. ಜಾಲರಿ ಬೇಲಿ ಹಾಕಿದರೆ ಆಚೆ ಕಾಣುತ್ತದೆಂದು ದಿನವಿಡೀ ಅದನ್ನೇ ದೂಡುತ್ತದೆ. ರಾತ್ರಿಗೆ ಬೆಚ್ಚನೆಯ, ತೇವ ಹಿಡಿಯುವ ಪೆಟ್ಟಿಗೆ ಆಗಲೂ ಬೇಕು. 25 ಸೆಂ.ಮೀ. ದಾಟಿದ ಆಮೆಗೆ ಒಂದೇ ಬಲ್ಬ್ ಮೇಲಿಂದ ಬಿದ್ದರೆ ನಡುಬೆನ್ನು ಸುಟ್ಟು ಅಂಚು ತಣ್ಣಗಿರುತ್ತದೆ, ಅಗಲದ ಹೀಟ್ ಪ್ಯಾನಲ್ ಹಾಕಬೇಕು.

ತುಂಗಾತೀರ

ಚಿಕ್ಕಮ್ಮನ ತೋಟ ತೀರ್ಥಹಳ್ಳಿ ಹತ್ತಿರ ಇದೆ, ಜಾಗಕ್ಕೆ ತೊಂದರೆಯಿಲ್ಲ. ತೇವಾಂಶ 80 ಎಷ್ಟು ದಿನ ಇಡಬೇಕು? ಈಗಾಗಲೇ ಉಬ್ಬಿರುವುದು ಇಳಿಯುತ್ತದೆಯೇ? ಜೊತೆಗೆ ಇನ್ನೊಂದು ಮರಿ ತರಬಹುದೇ?

ಕಲ್ಲುಬೆನ್ನು

ಉಬ್ಬಿದ್ದು ಇಳಿಯುವುದಿಲ್ಲ. ಅರದಿಂದ ಉಜ್ಜುವವರೂ ಇದ್ದಾರೆ, ಕೆಳಗೆ ಜೀವವಿರುವ ಎಲುಬಿದೆ, ದಯವಿಟ್ಟು ಬೇಡ. ಇನ್ನು ಮುಂದೆ ಬರುವ ಉಂಗುರಗಳು ಸಮತಟ್ಟಾಗಿ ಬರುತ್ತವೆ, ದೊಡ್ಡದಾದಾಗ ಹಳೆಯ ಉಬ್ಬು ಪ್ರಮಾಣದಲ್ಲಿ ಚಿಕ್ಕದಾಗಿ ಕಾಣುತ್ತದೆ. ಒಮ್ಮೆ ಶುರುವಾದ ಉಬ್ಬು ಸರಿದಾರಿಗೆ ಬರಲು ಕೆಲವು ತಿಂಗಳು ಹಿಡಿಯುತ್ತದೆ, ಎರಡು ವಾರಕ್ಕೆ ಫಲ ಕಾಣಲಿಲ್ಲವೆಂದು ಬದಲಿಸಬೇಡಿ. ಬೇಗ ಬೆಳೆದರೆ ಉಬ್ಬುತ್ತದೆ ಎಂದು ಮೇವು ಕಡಿಮೆ ಮಾಡುವುದೂ ತಪ್ಪು. ತೇವವಿದ್ದರೆ ಬೇಗ ಬೆಳೆದದ್ದೂ ನುಣುಪು, ತೇವವಿಲ್ಲದಿದ್ದರೆ ನಿಧಾನಕ್ಕೆ ಬೆಳೆದದ್ದೂ ಉಬ್ಬು.

ಎಷ್ಟು ದಿನ ಎಂಬುದರಲ್ಲಿ ಒಮ್ಮತವಿಲ್ಲ. ಕೆಲವರು ಎರಡು ವರ್ಷ ಅನ್ನುತ್ತಾರೆ. ನಾನು ವರ್ಷ ನೋಡದೆ ಅಳತೆ ನೋಡುತ್ತೇನೆ, 20 ಸೆಂ.ಮೀ.ವರೆಗೆ ಬಿಡುವುದಿಲ್ಲ.

ಎರಡನೇ ಮರಿ ಬೇಡ. ಜೋಡಿಯಲ್ಲಿ ಒಂದು ಯಾವಾಗಲೂ ಮೇಲುಗೈ. ಮೇವಿನ ಮೇಲೆ ಕೂರುವುದು, ಹಿಂಬಾಲಿಸುವುದು, ಮೈಮೇಲೆ ಹತ್ತುವುದು ಸ್ನೇಹವಲ್ಲ, ಇನ್ನೊಂದನ್ನು ಓಡಿಸುವ ಕ್ರಮ. ಇನ್ನೊಂದು ಬೆಳೆಯುವುದಿಲ್ಲ.

ಕುಡ್ಲದ ಮಳೆ

20 ಸೆಂ.ಮೀ.ವರೆಗೆ 80% ಅತಿ ಅನ್ನಿಸ್ತದೆ. 12 ದಾಟಿದ ಮೇಲೆ ಹಗಲು ಅಂಗಳಕ್ಕೆ ಬಿಟ್ಟು ರಾತ್ರಿ ಮಾತ್ರ ತೇವದ ಪೆಟ್ಟಿಗೆ ಸಾಕು ಅಲ್ವಾ?

ಕಲ್ಲುಬೆನ್ನು

ನಿಮ್ಮೂರಲ್ಲಿ ಸಾಕು. ರಾಯಚೂರಿನಲ್ಲಿ ಏಪ್ರಿಲ್ ತಿಂಗಳಲ್ಲಿ ಸಾಲದು.

ಮೈಸೂರು ಪಶುವೈದ್ಯೆ

ತಿಂಗಳಿಗೊಮ್ಮೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಚಿಪ್ಪಿನ ಪಕ್ಕಕ್ಕೆ, ನೆಲಮಟ್ಟದಲ್ಲಿ ಹಿಡಿದು ಬದಿಯಿಂದ ಫೋಟೋ ತೆಗೆಯಿರಿ. ಓರೆ ಬೆಳಕಿನಲ್ಲಿ ಅರ್ಧ ಮಿ.ಮೀ. ಏರುತಗ್ಗೂ ನೆರಳಾಗಿ ಕಾಣುತ್ತದೆ. ಮೇಲಿಂದ ತೆಗೆದ ಫೋಟೋದಲ್ಲಿ ಏನೂ ತಿಳಿಯದು. ವಾರಕ್ಕೊಮ್ಮೆ ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ತೂಕ, ನೆನೆಸುವ ಮೊದಲೇ, ಯಾಕೆಂದರೆ ಕುಡಿದ ನೀರಿನಿಂದಲೇ ತೂಕ ಸಾಕಷ್ಟು ಏರುತ್ತದೆ. ಎರಡು ವಾರ ಒಂದೇ ಸಮ ಇಳಿದರೆ ಬನ್ನಿ. ಉದ್ದ–ತೂಕದ ಜ್ಯಾಕ್ಸನ್ ರೇಖಾಚಿತ್ರ ನೋಡಿ ಹೆದರಬೇಡಿ, ಅದು ಮೆಡಿಟರೇನಿಯನ್ ಆಮೆಗಳಿಗೆ ಮಾಡಿದ್ದು.

ತುಂಗಾತೀರ

ಪೆಟ್ಟಿಗೆ ಸಿದ್ಧವಾಗಲು ಎರಡು ವಾರವಾಗುತ್ತದೆ. ಅಲ್ಲಿಯವರೆಗೆ ಹಳೆಯ ತೊಟ್ಟಿಯಲ್ಲೇ ಏನು ಮಾಡಲಿ? ಕರೆಂಟು ಹೋದರೆ?

ಧಾರವಾಡ ಪೇಢೆ

ಮರಳು ಇವತ್ತೇ ತಗೀರಿ. ಜಾಲರಿ ಮ್ಯಾಲ ಮುಕ್ಕಾಲು ಭಾಗ ಅಲ್ಯೂಮಿನಿಯಂ ಹಾಳಿ ಮುಚ್ಚರಿ, ಬಲ್ಬಿನ ಸುತ್ತ ಒಂದು ಗೇಣು ಬಿಡ್ರಿ, ಅರಿವಿ ಮಾತ್ರ ಬಲ್ಬಿನ ಹತ್ರ ಒಯ್ಯಬ್ಯಾಡ್ರಿ. 80 ಆಗೂದಿಲ್ಲ, 60ಕ್ಕ ನಿಂತ್ರೂ ಲಾಭ. ಅಡಗುದಾಣದ ಒಳಗ ಒದ್ದಿ ಪೀಟ್ ಇಟ್ರ ಅಲ್ಲಿ 80 ಆಗ್ತದ. ರಾತ್ರಿ ಸೆರಾಮಿಕ್ ಹೀಟರ್ ಜಾಲರಿ ಮ್ಯಾಲ, ಥರ್ಮೋಸ್ಟಾಟ್ ಸಮೇತ.

ಕರೆಂಟಿಗೆ ಮನಿ ಇನ್ವರ್ಟರ್ ಸಾಕು, ಹೀಟರ್ ಒಂದನ್ನ ಅದರ ಸಾಲಿಗೆ ಹಾಕ್ರಿ. 150 ಎಎಚ್ ಬ್ಯಾಟರಿ 60 ವ್ಯಾಟ್ ಹೀಟರ್ ಒಂದನ್ನ ಇಡೀ ರಾತ್ರಿ ಎಳೀತದ.

ಹೊಸ ಪೆಟ್ಟಿಗಿ ಬಂದ ಮ್ಯಾಲ ಮರಿ ಬಿಡೂಕಿಂತ ಮೊದಲ ನಾಲ್ಕು ದಿನ ಖಾಲಿ ಓಡಿಸ್ರಿ. ಕನಿಷ್ಠ–ಗರಿಷ್ಠ ನೆನಪಿಡೋ ಮಾಪಕ ಇಟ್ಟು ದಿನಾ ಬೆಳಿಗ್ಗೆ ಐದಕ್ಕ ಮತ್ತ ಮಧ್ಯಾಹ್ನ ಮೂರಕ್ಕ ಏನು ತೋರಸ್ತದ ಬರದಿಡ್ರಿ. ಬಾಗಿಲ ಗಾಜಿನ ಮ್ಯಾಲ ಬೆಳಿಗ್ಗೆ ನೀರು ಹನಿಗಟ್ಟಿ ಹರೀತಿದ್ರ ಇನ್ನೊಂದೆರಡು ತೂತು ಹೊಡೀರಿ. ಅಂಕಿ ಇಲ್ಲಿ ಹಾಕ್ರಿ, ನೋಡಿ ಹೇಳೋಣಂತ.